ಶನಿವಾರದ ವಾಸನೆ

ನಮ್ಮೂರಿನಲ್ಲಿ ಶನಿವಾರ ಸಂಜೆ ಯಾರೂ ಯಾರ ಹತ್ತಿರವೂ ನಿಲ್ಲುತ್ತಿರಲಿಲ್ಲ. ಬಜಾರಿನಲ್ಲಿ ಎದುರಾದರೆ ಎರಡು ಮಾರು ದೂರದಿಂದಲೇ ಕೈಯೆತ್ತಿ, ಬಿಸಿಲಿನ ಬಗ್ಗೆ ಒಂದು ಮಾತಾಡಿ, ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಏಕೆಂದರೆ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಊರಿಗೆ ಊರೇ ಪತ್ತೇದಾರಿ ಕಾದಂಬರಿ ಹಿಡಿದು ಕೂತಿರುತ್ತಿತ್ತು. ಓದಿ ಎದ್ದವರ ಮೈಯಿಂದ ನೆನೆದ ರೈನ್‌ಕೋಟು ಮತ್ತು ಆರಿದ ಚುಟ್ಟದ ವಾಸನೆ ಬರುತ್ತಿತ್ತು. ಎಲ್ಲರಿಗೂ ಎಲ್ಲರದೂ ಗೊತ್ತು, ಆದರೂ ಆ ಸಂಜೆ ಒಬ್ಬರ ವಾಸನೆಯ ಬಗ್ಗೆ ಇನ್ನೊಬ್ಬರು ಬಾಯಿ ಬಿಡುವಂತಿರಲಿಲ್ಲ. ಭಾನುವಾರ ಬೆಳಗ್ಗೆ ತಲೆಗೆ ಎಣ್ಣೆ ಬಿದ್ದು, ಸೀಗೆಪುಡಿ ತಿಕ್ಕಿ, ಹಂಡೆ ಬಿಸಿನೀರು ಸುರಿದುಕೊಂಡರೆ ಎಲ್ಲ ತೊಳೆದು ಹೋಗುತ್ತಿತ್ತು. ಸೋಮವಾರದ ಹೊತ್ತಿಗೆ ಎಲ್ಲರೂ ಮತ್ತೆ ಮರ್ಯಾದಸ್ಥರಾಗಿರುತ್ತಿದ್ದರು.

ಓದಿದ್ದು ಮೈಗೆ ಹತ್ತುವ ಊರು ನಮ್ಮದು. ಪುರಾಣ ಓದಿದವರಿಂದ ಕರ್ಪೂರ, ಪ್ರೇಮ ಕಾದಂಬರಿ ಓದಿದವರಿಂದ ಬಾಡಿದ ಮಲ್ಲಿಗೆ ಮತ್ತು ಪೌಡರು, ದೆವ್ವದ ಕಥೆ ಓದಿದವರಿಂದ ಬಾವಲಿಯ ಹಿಕ್ಕೆ. ಪೇಪರ್ ಓದುವ ಗಂಡಸರು ಬೆಳಗಿನ ಕಾಫಿಯಿಂದ ಊಟದವರೆಗೂ ಸೀಮೆಎಣ್ಣೆ ನಾರುತ್ತಿದ್ದರು. ಸರ್ಕಾರಿ ಸುತ್ತೋಲೆ ಓದಿ ವಾಸನೆ ಬಂದವರನ್ನು ಮಾತ್ರ ನಾನು ಕಂಡಿಲ್ಲ. ಸುಮ್ಮನೆ ಕಣ್ಣಾಡಿಸಿದರೆ ಏನೂ ಹತ್ತದು, ಮನಸ್ಸಿಟ್ಟು ಓದಬೇಕು. ಹೆಣ್ಣು ನೋಡಲು ಬಂದ ಬೀಗಿತ್ತಿ ಸೀರೆಯ ಅಂಚು ನೋಡುವ ನೆಪದಲ್ಲಿ ಹುಡುಗಿಯನ್ನು ಹತ್ತಿರಕ್ಕೆಳೆದುಕೊಳ್ಳುತ್ತಿದ್ದಳು. ಅದಕ್ಕೇ ಹುಡುಗಿಯ ಕಡೆಯವರು ವಾರದಿಂದ ಅವಳಿಗೆ ಪುರಾಣ ಓದಿಸಿಟ್ಟಿರುತ್ತಿದ್ದರು. ಪ್ರೇಮ ಕಾದಂಬರಿಯ ಚಟ ಹತ್ತಿದ ಸೊಸೆಯಂದಿರು ಮಧ್ಯಾಹ್ನದ ಹೊತ್ತಿಗೆ ಇಂಗು ಬೆಳ್ಳುಳ್ಳಿಯ ಒಗ್ಗರಣೆಯನ್ನು ಜೋರಾಗಿಯೇ ಹಾಕುತ್ತಿದ್ದರು. ನೆಗಡಿಯಾದ ಮೇಷ್ಟ್ರಿಗೆ ಅರ್ಜಿ ಕೇಳದೆ ರಜೆ ಕೊಡುತ್ತಿದ್ದರು, ಮೂಗು ಕಟ್ಟಿದ ಮೇಷ್ಟ್ರು ಶಾಲೆಗೆ ಬಂದು ಮಾಡುವುದಾದರೂ ಏನು?

ಈಗ ನಾನಿರುವ ಕಡೆ ಓದು ಯಾರ ಮೈಗೂ ಹತ್ತುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ದಪ್ಪ ಪುಸ್ತಕ ಹಿಡಿದಿರುತ್ತಾರೆ, ಬರುವುದು ಸೆಂಟಿನ ವಾಸನೆ ಮಾತ್ರ. ಅವರು ಓದುತ್ತಿದ್ದಾರೋ ಇಲ್ಲವೋ ನನಗೆ ತಿಳಿಯುವುದೇ ಇಲ್ಲ. ಆಗೆಲ್ಲ ನನ್ನೂರು ನೆನಪಾಗುತ್ತದೆ. ಊರಿಗಿಂತ ಹೆಚ್ಚಾಗಿ ನೀಲಕ್ಕ ನೆನಪಾಗುತ್ತಾಳೆ.

ನೀಲಾಂಬಿಕೆ ಅಂತ ಅವಳ ಹೆಸರು, ನನಗಿಂತ ದೊಡ್ಡವಳು. ನಾನು ಸರ್ವಮಂಗಳೆ, ಮನೆಯವರಿಗೆ ಸರ್ವಿ. ನಮ್ಮಪ್ಪ ಬಸಲಿಂಗಪ್ಪನದು ಹಿಟ್ಟಿನ ಗಿರಣಿ. ಒಂದು ಕಲ್ಲಿನಲ್ಲಿ ಜೋಳ, ಇನ್ನೊಂದರಲ್ಲಿ ಮೆಣಸಿನಕಾಯಿ. ಮದುವೆಗೆ ಮುಂಚಿನಿಂದ ಖಾರ ಬೀಸಿ ಬೀಸಿ ಅಪ್ಪನ ಮೂಗು ಪೂರ್ತಿ ಸತ್ತುಹೋಗಿತ್ತು. ನಮ್ಮಂಥ ಊರಿನಲ್ಲಿ ಅದು ಕಣ್ಣಿಲ್ಲದ ಹಾಗೆಯೇ. ಎದುರಿಗೆ ಬಂದವನು ಪುರಾಣದವನೋ ಚುಟ್ಟದವನೋ ಅಪ್ಪನಿಗೆ ತಿಳಿಯುತ್ತಿರಲಿಲ್ಲ, ಪಕ್ಕದಲ್ಲಿದ್ದ ನಾವು ಕಿವಿಯಲ್ಲಿ ಹೇಳಬೇಕಿತ್ತು. ಎಲ್ಲರನ್ನೂ ಒಂದೇ ಸಮ ಮಾತಾಡಿಸುತ್ತಿದ್ದುದರಿಂದ ಜನ ಅವನನ್ನು ಬಹಳ ದೊಡ್ಡ ಮನುಷ್ಯ ಅಂದುಕೊಂಡಿದ್ದರು.

ನೀಲಕ್ಕನ ಮೈಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ, ಇಡೀ ಶಾಲೆಯ ಚಿಂತೆ ಅದೇ. ಕೂತು ಓದುತ್ತಿದ್ದಳು, ಬರೆಯುತ್ತಿದ್ದಳು, ಶಬ್ದಾರ್ಥವನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಳು. ಆದರೆ ಹತ್ತಿರ ಹೋಗಿ ಮೂಸಿದರೆ ಕೊಬ್ಬರಿ ಎಣ್ಣೆ, ಒಗೆದ ಲಂಗ, ಅಷ್ಟೇ. ಏಳನೇ ತರಗತಿಯಲ್ಲಿ ಅವಳು ಮತ್ತೆ ಮತ್ತೆ ಫೇಲಾಗಿ, ಹಿಂದಿನ ತರಗತಿಯಲ್ಲಿದ್ದ ನಾನು ಅವಳ ಪಕ್ಕದ ಬೆಂಚಿಗೆ ಬಂದು ಕೂತಿದ್ದೆ. ಈ ಸಲವೂ ಆಗದಿದ್ದರೆ ಹೆಸರು ತೆಗೆದುಹಾಕುವುದು ಶಾಲೆಯ ಕಾನೂನು. ಹೆಸರು ತೆಗೆದರೆ ದೂರದೂರಿನಲ್ಲಿ ಖಾನಾವಳಿ ಇಟ್ಟಿದ್ದ ಸೋದರತ್ತೆ ಬಂದು ರೊಟ್ಟಿ ಬಡಿಯಲು ಅವಳನ್ನು ಕರೆದುಕೊಂಡು ಹೋಗುವುದು ಅಂತ ಮನೆಯಲ್ಲಿ ಮಾತಾಗಿತ್ತು. ನೀಲಕ್ಕನಿಗೆ ರೊಟ್ಟಿ ಬಡಿಯಲು ಬೇಸರವೇನಿರಲಿಲ್ಲ. ನನ್ನನ್ನು, ಶಾಲೆಯನ್ನು ಬಿಟ್ಟು ಹೋಗಲು ಮಾತ್ರ ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ನನಗಂತೂ ಅದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಏಳನೆಯದನ್ನು ಪಾಸು ಮಾಡಲು ಮೂಸು ಪರೀಕ್ಷೆ ದಾಟಬೇಕಿತ್ತು. ಆ ವಾರ ನಮ್ಮ ಗಿರಣಿಯ ಖಾರದ ಕಲ್ಲು ನಿಲ್ಲಬೇಕು, ಯಾರ ಮನೆಯಲ್ಲೂ ಒಗ್ಗರಣೆ ಸಿಡಿಯಬಾರದು. ಪರೀಕ್ಷೆಗೆ ಬರುವ ಮಗು ಬರೀ ಕಡಲೆಹಿಟ್ಟಿನಲ್ಲಿ ಮೈ ತಿಕ್ಕಿಕೊಂಡು ಬರಬೇಕು. ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತು ಪಠ್ಯದ ಕಾವ್ಯಭಾಗ ಓದಿ ಎದ್ದರೆ, ಊರಿನ ಮೂವರು ಹೆಸರುವಾಸಿ ಮೂಗಿನವರು ಒಬ್ಬರಾದ ಮೇಲೆ ಒಬ್ಬರು ಬಂದು ಬೈತಲೆಯ ಹತ್ತಿರ ಮೂಸಿ ನೋಡುತ್ತಿದ್ದರು. ಗಂಧ ಅಂತ ಇಬ್ಬರಾದರೂ ಹೇಳಿದರೆ ಪಾಸು. ಆ ಕಾವ್ಯಭಾಗದಲ್ಲಿ ಹೇಮಾಂಗಿ ಅನ್ನುವ ರಾಜಕುಮಾರಿ ಅರಮನೆ ಬಿಟ್ಟು ಹೊರಡುತ್ತಾಳೆ. ಅರಮನೆಯ ಗಂಧದ ತೋಟದ ವರ್ಣನೆಯೇ ಮುಕ್ಕಾಲು ಪಾಲು. ಪಾಠ ಮಾಡುವವರೂ ಅಲ್ಲೇ ಬೀಡುಬಿಡುತ್ತಿದ್ದರು, ಪ್ರಶ್ನೆಗಳೂ ಅಲ್ಲಿಂದಲೇ ಬರುತ್ತಿದ್ದವು. ಹಾಗಾಗಿ ಅದನ್ನು ಓದಿದವರಿಂದ ಗಂಧವೇ ಬರಬೇಕು, ಬರುತ್ತಲೂ ಇತ್ತು.

ಆ ವರ್ಷ ಎಸ್ತರ್ ಟೀಚರ್ ನಮ್ಮ ಶಾಲೆಗೆ ಬಂದರು. ಹೊರಗಿನವರು, ಹೊಳೆ ಹರಿಯುವ ಊರಿನವರು. ನಮ್ಮೂರಿಗೆ ಹೊಳೆಯಿಲ್ಲ, ಕೆರೆಯೂ ಇಲ್ಲ, ಕಲ್ಲು ಕೊರೆದು ತೆಗೆದ ಬಾವಿಗಳೇ ಗತಿ. ಬಂದ ದಿನ ಆ ಒಣಗಾಳಿಗೆ ಅವರ ತುಟಿ ಒಡೆದಿತ್ತು. ಎಲ್ಲರನ್ನೂ ಸಾಲಾಗಿ ಕೂರಿಸಿ, ಪಾಠ ಓದಿಸಿ, ಬೆಂಚುಗಳ ನಡುವೆ ಒಂದು ಸುತ್ತು ಬಂದರು. ಸುಮಾರು ಮಕ್ಕಳ ಹತ್ತಿರ ಒಂದಿಷ್ಟು ಗಂಧ, ತೆಳ್ಳಗೆ. ನೀಲಕ್ಕನ ಪಕ್ಕದಲ್ಲಿ ಬಹಳ ಹೊತ್ತು ನಿಂತರು. ಬೈಯಲಿಲ್ಲ. ಯಾವ ಕಥೆ ಇಷ್ಟ ಅಂತ ಕೇಳಿದರು. ನೀಲಕ್ಕ ಬಹಳ ಯೋಚಿಸಿ, ನನಗೆ ಕಥೆ ಬರಲ್ಲ ಟೀಚರ್ ಅಂದಳು. ಕೇಳಿದ ನನಗೇ ನಾಚಿಕೆಯಾಯಿತು, ಆದರೆ ಟೀಚರ ಮುಖ ಸಣ್ಣದಾದದ್ದನ್ನು ನಾನು ನೋಡಿದೆ.

ಅದಾದ ಕೆಲವೇ ದಿನಕ್ಕೆ ಟೀಚರು ಶಾಲೆಯ ಸಮಿತಿಯ ಮುಂದೆ ಒಂದು ವಿಷಯ ಇಟ್ಟರು, ಊರು ಎರಡು ಭಾಗವಾಯಿತು. ಶಾಲೆಯಲ್ಲಿ ಪತ್ತೇದಾರಿ ಕಾದಂಬರಿ ಓದಿಸಬೇಕು ಅನ್ನುವುದೇ ಆ ವಿಷಯ. ಬಾಡಿಗೆ ಪುಸ್ತಕದ ಅಂಗಡಿಯವನು ಏಳನೆಯದು ಪಾಸಾಗದವರ ಕೈಗೆ ಅಂಥ ಪುಸ್ತಕ ಕೊಡುತ್ತಿರಲಿಲ್ಲ. ಮನೆಯಲ್ಲೂ ದೊಡ್ಡವರು ಓದಿ ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಿದ್ದರು. ಈಗ ಅದನ್ನೇ ಶಾಲೆಗೆ ತರುವುದು ಅಂದರೆ! ತರಗತಿಗಳೆಲ್ಲ ಚುಟ್ಟ ನಾರತೊಡಗಿದರೆ ಗತಿಯೇನು, ಇನ್ಸ್‌ಪೆಕ್ಟರು ಬಂದರೆ ಮುಖ ಎಲ್ಲಿಡುವುದು ಅಂತ ಬಜಾರಿನಲ್ಲಿ ಮಾತೋ ಮಾತು. ಹೆಂಗಸರು ಬಾವಿಕಟ್ಟೆಯಲ್ಲಿ ಟೀಚರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಅವರಲ್ಲಿ ಅರ್ಧ ಜನ ಶನಿವಾರ ಮಧ್ಯಾಹ್ನ ಏನು ಮಾಡುತ್ತಿದ್ದರು ಅನ್ನುವುದನ್ನು ನಾನು ಹೇಳಬೇಕಿಲ್ಲ.

ಸಮಿತಿಯ ಹಿರಿಯರು ಚೆನ್ನವೀರಯ್ಯನವರು. ಆಯುಷ್ಯವೆಲ್ಲ ಕನ್ನಡ ಪಂಡಿತರಾಗಿದ್ದು, ನಿವೃತ್ತಿಯಾದ ಮೇಲೆ ಮೂಸು ಪರೀಕ್ಷೆಗೂ ಅವರೇ ಹಿರಿಯ ಮೂಗು. ಊರಿನ ಗಡಿ ದಾಟಿದವರಲ್ಲ. ಅಪ್ಪನಿಗೂ ಪಾಠ ಹೇಳಿದವರು. ಶಾಲೆಯ ಬೇವಿನ ಮರದ ಕೆಳಗೆ ಸಭೆ ಸೇರಿದಾಗ ನಾವು ಮಕ್ಕಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದೆವು. ಅಯ್ಯನವರು ದನಿ ಏರಿಸಲಿಲ್ಲ, ಅವರಿಗೆ ಅದರ ಅಗತ್ಯವೂ ಇರಲಿಲ್ಲ.

“ನಾನೂ ಶನಿವಾರ ಓದ್ತೀನಿ ಟೀಚರಮ್ಮ, ಮುಚ್ಚಿಡೋಕೆ ಈ ಊರಾಗೆ ಆಗೋದೂ ಇಲ್ಲ. ಆದ್ರೆ ಬೆಲ್ಲ ತಿನ್ನೋದನ್ನ ಯಾವ ಶಾಲೆಯಾಗೂ ಕಲಿಸಲ್ಲ. ಮಕ್ಕಳು ತಾವಾಗೇ ಯಾವುದರ ಹತ್ರ ಹೋಗಲ್ವೋ, ಅದಕ್ಕೆ ಶಾಲೆ ಇರೋದು. ನಾವೂ ಕೈ ಬಿಟ್ರೆ ಆ ಕಾವ್ಯನ ಇನ್ಯಾರು ಮುಟ್ತಾರೆ ಹೇಳಿ.”

ಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ನಿಜ ಹೇಳುತ್ತೇನೆ, ನನಗೂ ಅದು ಸರಿ ಅನಿಸಿತು. ಇವತ್ತಿಗೂ ಅದರಲ್ಲಿ ಸುಳ್ಳಿಲ್ಲ ಅನಿಸುತ್ತದೆ. ಎಸ್ತರ್ ಟೀಚರು ಸೆರಗಿನ ತುದಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದರು.

“ತಾವಾಗೇ ತಿನ್ನೋ ಮಕ್ಕಳಿಗೆ ನಿಮ್ಮ ಮಾತು ಸರಿ ಅಯ್ಯನವರೇ. ನನ್ನ ತರಗತೀಲಿ ಬಾಯೇ ತೆಗೆಯದ ಮಗು ಒಂದಿದೆ. ಮೊದಲು ಅದಕ್ಕೆ ಹಸಿವು ಹುಟ್ಟಲಿ. ಕಾವ್ಯ ಆಮೇಲೆ ನೀವೇ ಬಡಿಸಿ, ನಾನು ಅಡ್ಡ ಬರಲ್ಲ.”

ಯಾವ ಮಗು ಅಂತ ಎಲ್ಲರಿಗೂ ಗೊತ್ತಾಯಿತು. ಸಭೆಯ ಹಿಂದೆ ಕೈಕಟ್ಟಿ ನಿಂತಿದ್ದ ಅಪ್ಪ ತಲೆ ತಗ್ಗಿಸಿದ. ಅಯ್ಯನವರು ಅಪ್ಪನ ಕಡೆ ನೋಡಿದರು, ಟೀಚರ ಕಡೆ ನೋಡಿದರು. ಕೊನೆಗೆ ಒಂದು ಒಪ್ಪಂದವಾಯಿತು. ಶನಿವಾರ ಬೆಳಗಿನ ಶಾಲೆಯ ಕೊನೆಯ ಪಿರಿಯಡ್ ಮಾತ್ರ, ಫೇಲಾದವರಿಗೆ ಮಾತ್ರ, ಅದೂ ಕೋಣೆಯೊಳಗಲ್ಲ, ಬೇವಿನ ಮರದ ಕೆಳಗೆ. ಮುಗಿದ ಮೇಲೆ ಶಾಲೆಯ ಬಾವಿಯಲ್ಲಿ ಕೈಕಾಲು ಮುಖ ತೊಳೆದೇ ಮನೆಗೆ ಹೋಗಬೇಕು. ಪರೀಕ್ಷೆಗೆ ಮಾತ್ರ ಕಾವ್ಯವೇ, ಅದರಲ್ಲಿ ಮಾತಿಲ್ಲ. ನೀಲಾಂಬಿಕೆ ಮತ್ತೆ ಫೇಲಾದರೆ ಈ ಆಟವೂ ಅಲ್ಲಿಗೆ ಬಂದ್.

ಮೊದಲ ಶನಿವಾರ ಮರದ ಕೆಳಗೆ ನೀಲಕ್ಕ ಮತ್ತು ಇನ್ನಿಬ್ಬರು ಹುಡುಗರು ಕೂತರು. ನಾನು ಪಾಸಾಗುತ್ತಾ ಬಂದವಳು, ದೂರದ ಗೋಡೆಯ ಮೇಲೆ ಕೂತು ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಟೀಚರು ತೆಗೆದದ್ದು ರಟ್ಟು ಹರಿದ ಒಂದು ಪುಸ್ತಕ, ಹೆಸರು ‘ಹಳದಿ ಕೈಗವಸಿನ ಗುಟ್ಟು’. ಮೊದಲ ಅಧ್ಯಾಯವನ್ನು ತಾವೇ ಗಟ್ಟಿಯಾಗಿ ಓದಿದರು. ಬೀಗ ಹಾಕಿದ ಕೋಣೆ, ಮೇಜಿನ ಮೇಲೆ ಅರ್ಧ ಕುಡಿದ ಹಾಲು, ಒಳಗೆ ಯಾರೂ ಇಲ್ಲ. ಪತ್ತೇದಾರ ವಿಶ್ವಂಭರ ಕಿವಿಗೊಟ್ಟು ನಿಂತಿದ್ದಾನೆ. ಬಾಗಿಲಿನ ಹಿಡಿ ಮೆಲ್ಲಗೆ ತಿರುಗುತ್ತದೆ. ಅಷ್ಟಕ್ಕೆ ಟೀಚರು ಓದು ನಿಲ್ಲಿಸಿ, ಗಂಟಲು ಒಣಗಿತು, ನೀರು ಕುಡಿದು ಬರ್ತೀನಿ ಅಂತ ಪುಸ್ತಕವನ್ನು ನೀಲಕ್ಕನ ಮಡಿಲಲ್ಲಿ ಬೋರಲು ಹಾಕಿ ಎದ್ದು ಹೋದರು. ಹೋದವರು ಬರಲೇ ಇಲ್ಲ. ನೀಲಕ್ಕ ಬಾವಿಯ ಕಡೆ ನೋಡಿದಳು, ಆಫೀಸಿನ ಕಡೆ ನೋಡಿದಳು. ಆಮೇಲೆ ಯಾರೂ ಬೈಯುವವರಿಲ್ಲ ಅಂತ ಖಾತ್ರಿಯಾದ ಮೇಲೆ ಪುಸ್ತಕ ತಿರುಗಿಸಿ ಹಿಡಿದಳು.

ಗೋಡೆಯ ಮೇಲಿದ್ದ ನನಗೆ ಮೊದಲು ಬಂದದ್ದು ಚುಟ್ಟ. ಹಿಂದಿನಿಂದ ಯಾರಾದರೂ ಗಂಡಸರು ಬಂದರೇನೋ ಅಂತ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಆಮೇಲೆ ರೈನ್‌ಕೋಟು, ಈಗ ತಾನೇ ಜಡಿಮಳೆಯಲ್ಲಿ ನೆನೆದು ಬಂದು ಮೊಳೆಗೆ ತೂಗುಹಾಕಿದ್ದು. ನಾನು ಗೋಡೆಯಿಂದ ಧುಮುಕಿ ಓಡಿದೆ, ಮೊಣಕಾಲು ತರಚಿದ್ದೂ ಗೊತ್ತಾಗಲಿಲ್ಲ. ಅವಳ ಬೈತಲೆಗೆ ಮೂಗು ಹಚ್ಚಿ ಉಸಿರೆಳೆದುಕೊಂಡೆ. ನನ್ನಕ್ಕನ ಮೈಯಿಂದ ಜೀವಮಾನದಲ್ಲಿ ಮೊದಲ ಸಲ ಒಂದು ವಾಸನೆ ಬರುತ್ತಿತ್ತು. ಅವಳು ಪುಸ್ತಕದಿಂದ ಕಣ್ಣು ತೆಗೆಯದೆ ನನ್ನನ್ನು ಮೊಣಕೈಯಲ್ಲಿ ತಳ್ಳಿದಳು. ಆ ತಳ್ಳಿದ್ದಕ್ಕೆ ನನಗೆ ಎಂಥ ಸಂತೋಷವಾಯಿತು ಅಂತ ಹೇಗೆ ಹೇಳಲಿ.

ಬಾವಿಯಲ್ಲಿ ಎಷ್ಟು ತೊಳೆದರೂ ಅದು ಪೂರ್ತಿ ಹೋಗಲಿಲ್ಲ. ಮನೆಗೆ ಬಂದಾಗ ಅಪ್ಪ ಗಿರಣಿಯಲ್ಲಿದ್ದ. ಅಕ್ಕನ ಮೈಯಿಂದ ಏನಾದರೂ ವಾಸನೆ ಬಂತಾ ಅಂತ ದಿನಾ ಸಂಜೆ ಕೇಳುವ ಹಾಗೆ ಅಂದೂ ಕಣ್ಸನ್ನೆಯಲ್ಲೇ ಕೇಳಿದ. ನಾನು ಹೂಂ ಅಂದೆ. ಅಪ್ಪನಿಗೆ ನಂಬಿಕೆಯಾಗಲಿಲ್ಲ, ಬೆಲ್ಟು ಕಳಚಿ ಕಲ್ಲು ನಿಲ್ಲಿಸಿ ಹತ್ತಿರ ಬಂದ.

“ಖರೆ ಹೇಳು ಸರ್ವಿ. ಏನು ಬಂತು?”

“ರೈನ್‌ಕೋಟಪ್ಪ. ಚುಟ್ಟಾನೂ ಐತೆ.”

“ಜೋರಾಗಿ ಐತಾ?”

“ಬೀದಿ ತನಕ ಬರ್ತೈತೆ.”

ಅಪ್ಪ ಜೋಳದ ಚೀಲದ ಮೇಲೆ ಕೂತು ನೀಲಕ್ಕನನ್ನು ಹತ್ತಿರ ಕರೆದು, ತನಗೆ ಏನೂ ತಿಳಿಯುವುದಿಲ್ಲ ಅಂತ ಗೊತ್ತಿದ್ದೂ ಅವಳ ತಲೆಯನ್ನು ಮೂಸಿದ. ಅವ್ವ ಮಾತ್ರ ಒಳಗಿನಿಂದ ಬಂದವಳೇ ಸೆರಗು ಮೂಗಿಗೆ ಹಿಡಿದಳು. ಪರೀಕ್ಷೆಗೆ ಬೇಕಾದ್ದು ಗಂಧ, ಈ ದರಿದ್ರ ಚುಟ್ಟ ಕಟ್ಟಿಕೊಂಡು ಏನು ಮಾಡೋದು ಅಂತ ಗೊಣಗುತ್ತಾ ಹೋಗಿ ಹಂಡೆಗೆ ಬೆಂಕಿ ಹಾಕಿದಳು. ಆದರೆ ಅವತ್ತು ರಾತ್ರಿಯೂಟಕ್ಕೆ ಶಾವಿಗೆ ಪಾಯಸವಿತ್ತು.

ಆಮೇಲಿನ ವಾರಗಳಲ್ಲಿ ನೀಲಕ್ಕ ಬೇರೆಯೇ ಹುಡುಗಿಯಾದಳು. ಮುಂಚೆ ಯಾರೇನು ಹೇಳಿದರೂ ಹೂಂ ಅಂತ ಸುಮ್ಮನಾಗುತ್ತಿದ್ದವಳು ಈಗ ಎದುರಿಗೆ ಕೂತು ಆಮೇಲೆ, ಆಮೇಲೆ ಅಂತ ಪೀಡಿಸತೊಡಗಿದಳು. ಬೀಸಲು ಬಂದ ಹೆಂಗಸರು ತಮ್ಮ ಓರಗಿತ್ತಿಯ ಜಗಳ ಹೇಳಿಕೊಂಡರೆ ಅದಕ್ಕೂ ಆಮೇಲೆ. ಅಜ್ಜಿಯ ಕಾಲದಲ್ಲಿ ಒಬ್ಬಳು ಬಾವಿಗೆ ಬಿದ್ದಳಂತೆ ಅಂದರೆ, ತಾನಾಗಿ ಬಿದ್ದಳೋ ಯಾರಾದರೂ ತಳ್ಳಿದರೋ, ಆಗ ಕೊಡ ಎಲ್ಲಿತ್ತು ಅಂತ ಪ್ರಶ್ನೆ. ಅವ್ವನಿಗೆ ತಲೆ ಚಿಟ್ಟು ಹಿಡಿದುಹೋಯಿತು. ನಾನಂತೂ ಶನಿವಾರ ಅವಳು ಓದಿದ್ದನ್ನೆಲ್ಲ ವಾರವಿಡೀ ಅವಳ ಬಾಯಲ್ಲಿ ಕೇಳುತ್ತಿದ್ದೆ. ಒಂದೇ ಕೌದಿಯೊಳಗೆ ಮಲಗಿ, ಕೊಲೆಗಾರ ಯಾರಿರಬಹುದು ಅಂತ ಪಿಸುಗುಟ್ಟಿಕೊಂಡ ಆ ದಿನಗಳಷ್ಟು ಸುಖದ ದಿನಗಳನ್ನು ನಾನು ಮತ್ತೆ ಕಾಣಲಿಲ್ಲ.

ಪರೀಕ್ಷೆಯ ವಾರ ಬಂತು. ಖಾರದ ಕಲ್ಲು ನಿಂತಿತು. ಬೀಸದ ಮೆಣಸಿನಕಾಯಿ ಮನೆಮನೆಯಲ್ಲೂ ಬುಟ್ಟಿಗಟ್ಟಲೆ ಕಾದಿತ್ತು. ನನ್ನ ಪರೀಕ್ಷೆ ಮೊದಲ ದಿನವೇ ಆಗಿ, ಗಂಧ ಬಂದು ಪಾಸಾಗಿದ್ದೆ. ನೀಲಕ್ಕನ ಸರದಿಯ ದಿನ ಬೆಳಗ್ಗೆ ಅವ್ವ ಅವಳನ್ನು ಕಡಲೆಹಿಟ್ಟಿನಲ್ಲಿ ಮೀಯಿಸಿ, ಬಾಗಿಲು ಮುಂದಕ್ಕೆಳೆದು, ಕಿವಿಯ ಹಿಂದೆ ಒಂದಿಷ್ಟು ಗಂಧ ತೇಯ್ದು ಹಚ್ಚಲೇ ಅಂತ ಮೆಲ್ಲಗೆ ಕೇಳಿದಳು. ಊರಿನಲ್ಲಿ ಎಷ್ಟೋ ತಾಯಂದಿರು ಹಚ್ಚಿ ಕಳಿಸಿ ಸಿಕ್ಕಿಬಿದ್ದಿದ್ದರು, ಇನ್ನೆಷ್ಟೋ ಜನ ಸಿಕ್ಕಿಬಿದ್ದಿರಲಿಲ್ಲ. ನೀಲಕ್ಕ ಬೇಡವ್ವ ಅಂದಳು. ವಿಶ್ವಂಭರನ ಕಾದಂಬರಿಗಳಲ್ಲಿ ಹಾಗೆ ಏನಾದರೂ ಹಚ್ಚಿಕೊಂಡವರೇ ಕೊನೆಯಲ್ಲಿ ಸಿಕ್ಕಿಬೀಳುವುದು ಅಂತ ಕಾರಣವನ್ನೂ ಕೊಟ್ಟಳು.

ಅವಳು ಕೋಣೆಯೊಳಗೆ ಹೋದಳು. ನಾವು ಮನೆಯವರು ಅಂಗಳದಲ್ಲಿ ಕೂತೆವು. ಎಸ್ತರ್ ಟೀಚರು ಬೇವಿನ ಮರಕ್ಕೆ ಒರಗಿ ನಿಂತಿದ್ದರು. ಕಿಟಕಿಯಲ್ಲಿ ಅವಳ ಬಗ್ಗಿದ ತಲೆ ಕಾಣುತ್ತಿತ್ತು. ಬೇರೆ ಮಕ್ಕಳು ಓದುವಾಗ ಬಾಯಿ ಆಡುತ್ತಿರುತ್ತದೆ, ಇವಳದು ಆಡಲಿಲ್ಲ. ಗಂಟೆ ಹೊಡೆದಾಗ ಅವಳು ತಕ್ಷಣ ಏಳಲೂ ಇಲ್ಲ, ಜವಾನ ಹೋಗಿ ಎಬ್ಬಿಸಬೇಕಾಯಿತು. ಕಿಟಕಿಯ ಬೆಳಕಿಗೆ ಬಂದು ನಿಂತಳು.

ಮೊದಲು ಹೂಗಾರ ರುದ್ರಣ್ಣ ಮೂಸಿದ. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಮೂಸಿ, ಪಾಚಿ ಅಂದ. ಬೇರು, ಗಂಧ, ಕರ್ಪೂರ ಮಾರುವ ಗ್ರಂಧಿಗೆ ಅಂಗಡಿಯ ಕೊಟ್ರಪ್ಪನವರ ಮೂಗು ಇಡೀ ಸೀಮೆಗೆ ಹೆಸರಾದದ್ದು. ಅವರು ಒಂದೇ ಸಲಕ್ಕೆ ಹಿಂದೆ ಸರಿದು, ಮೀನು ಅಂದರು. ಅಂಗಳದಲ್ಲಿ ಗುಸುಗುಸು ಎದ್ದಿತು. ನಮ್ಮ ಮನೆಯಲ್ಲಿ ಮೀನು ಕಂಡವರೇ ಇರಲಿಲ್ಲ. ಅವ್ವ ಅವಮಾನದಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೊನೆಗೆ ಚೆನ್ನವೀರಯ್ಯನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಬಗ್ಗಿದರು, ಬಹಳ ಹೊತ್ತು ಬಗ್ಗಿಯೇ ಇದ್ದರು. ಏನೋ ತಣ್ಣಗಿನದು ಐತೆ, ನನಗೆ ಗುರುತು ಹತ್ತುತ್ತಿಲ್ಲ ಅಂದರು. ಗಂಧ ಅಂತ ಒಬ್ಬರೂ ಹೇಳಲಿಲ್ಲ. ಅವರು ಪೆನ್ನು ತೆಗೆದಾಗ ನೀಲಕ್ಕ ಮಾತಾಡಿದಳು. ಆ ಕಿಟಕಿಯಲ್ಲಿ ನಿಂತು ಮಕ್ಕಳು ಮಾತಾಡುವ ಪದ್ಧತಿಯೇ ಇರಲಿಲ್ಲ.

“ಅಯ್ನೋರೇ, ಮುಂದಿನ ಹಾಳೆ ಎಲ್ಲೈತೆ?”

ಪಾಠ ಅಷ್ಟೇ, ಮುಗೀತು ಅಂದರು ಅಯ್ಯನವರು.

“ಮುಗಿದಿಲ್ಲ ಅಯ್ನೋರೇ. ಅವಳು ಹೊಳೆ ದಂಡೆ ಮೇಲೆ ನಿಂತವಳೆ. ಅಂಬಿಗ ಬಂದಿಲ್ಲ. ಹಿಂದೆ ಅವರಪ್ಪನ ಕುದುರೆ ಸದ್ದು ಕೇಳ್ತೈತೆ. ದಾಟಿದ್ಲಾ ಇಲ್ವಾ?”

ಅಯ್ಯನವರು ಪಠ್ಯದ ಕೊನೆಯ ಹಾಳೆ ತಿರುವಿ ನೋಡಿದರು. ರುದ್ರಣ್ಣನ ಕಡೆ ನೋಡಿದರು, ಕೊಟ್ರಪ್ಪನವರ ಕಡೆ ನೋಡಿದರು. ಅವರೂ ಅಂಗಳದಲ್ಲಿ ಕೂತವರ ಕಡೆ ನೋಡಿದರು. ನಾವೆಲ್ಲ ಅದೇ ಪಾಠ ಓದಿದವರು, ಅಪ್ಪನೂ ಸಹ. ಹೇಮಾಂಗಿ ಹೊಳೆ ದಾಟಿದಳೋ ಇಲ್ಲವೋ ಆ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೂ ಆವರೆಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಗಾಳಿ ತಿರುಗಿ ಅಂಗಳದ ಕಡೆ ಬೀಸಿತು. ಮರಕ್ಕೆ ಒರಗಿದ್ದ ಎಸ್ತರ್ ಟೀಚರು ನೆಟ್ಟಗೆ ನಿಂತರು, ಅವರ ಕಣ್ಣಲ್ಲಿ ನೀರು ಬಂತು.

“ಅಯ್ಯನವರೇ, ಅದು ಹೊಳೆ. ನಮ್ಮೂರ ಹೊಳೆ ಹೀಗೇ ಇರುತ್ತೆ.”

ಕೊಟ್ರಪ್ಪನವರು ಒಪ್ಪಲಿಲ್ಲ. ತಾನು ಪಾಠ ಹೇಳಿದ ಮಗುವಿಗೆ ತಾನೇ ಮೂಗಾಗುವ ಟೀಚರ ಮಾತು ಲೆಕ್ಕಕ್ಕಿಲ್ಲ, ಅದು ಮೊದಲಿನಿಂದ ಬಂದ ನಿಯಮ ಅಂದರು. ನಿಯಮ ಇದ್ದದ್ದೂ ಹೌದು. ಅಯ್ಯನವರು ಫೇಲು ಅಂತ ಬರೆದರು. ಬರೆದು ಎದ್ದು ಮನೆಗೆ ಹೊರಟುಹೋದರು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಹಿಂದಿನಿಂದ ಕಲ್ಲು ಎಸೆಯಬೇಕು ಅನಿಸಿತು. ನೀಲಕ್ಕ ಅಳಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡು, ಈಜಿಕೊಂಡು ಹೋಗಿರಬಹುದಾ ಸರ್ವಿ, ರಾಜಕುಮಾರಿಗೆ ಈಜು ಯಾರು ಕಲಿಸಿರ್ತಾರೆ ಅಂತ ತನ್ನಷ್ಟಕ್ಕೆ ಯೋಚಿಸುತ್ತಿದ್ದಳು.

ಅತ್ತೆಗೆ ಹೇಳಿ ಕಳಿಸಿದ್ದಾಯಿತು. ಸೋಮವಾರ ಬರುತ್ತೇನೆ, ಹುಡುಗಿಯನ್ನು ತಯಾರು ಮಾಡಿ ಇಟ್ಟಿರಿ ಅಂತ ಮರುಮಾತು ಬಂತು. ಬೇವಿನ ಮರದ ಕೆಳಗಿನ ಪಿರಿಯಡ್ಡೂ ನಿಂತಿತು. ಈ ನಡುವೆ ಚೆನ್ನವೀರಯ್ಯನವರು ಕಾಣೆಯಾಗಿದ್ದರು. ಮನೆಯಲ್ಲಿ ಕೇಳಿದರೆ, ಪ್ಯಾಸೆಂಜರ್ ಗಾಡಿ ಹತ್ತಿ ಪಟ್ಟಣಕ್ಕೆ ಹೋದರು, ಯಾಕೆ ಅಂತ ಹೇಳಲಿಲ್ಲ ಅಂದರು. ಈ ವಯಸ್ಸಿನಲ್ಲಿ, ಅದೂ ಒಬ್ಬರೇ, ಊರ ಗಡಿ ದಾಟದವರು ಅಂತ ಊರೆಲ್ಲ ಬೆರಗಾಯಿತು. ನಾನು ಆಗಲೂ ಅವರನ್ನು ಕ್ಷಮಿಸಿರಲಿಲ್ಲ.

ಸೋಮವಾರ ಬೆಳಗ್ಗೆ ಅತ್ತೆ ಬಂದು ಗಿರಣಿಯ ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತಾ ಕೂತಿದ್ದಳು. ನೀಲಕ್ಕನ ಟ್ರಂಕು ಬಾಗಿಲಲ್ಲಿತ್ತು. ವಾರದಿಂದ ಕಾದಿದ್ದ ಹೆಂಗಸರೆಲ್ಲ ಮೆಣಸಿನಕಾಯಿ ಬುಟ್ಟಿ ಹೊತ್ತು ಬಂದಿದ್ದರು. ಆದರೆ ಅಪ್ಪ ಯಾಕೋ ಖಾರದ ಕಲ್ಲಿಗೆ ಬೆಲ್ಟು ಹಾಕದೆ, ಅದನ್ನು ಒರೆಸುತ್ತಾ ಕೂತಿದ್ದ. ಆಗ ಬೀದಿಯಲ್ಲಿ ಸದ್ದು ಅಡಗಿತು. ಸ್ಟೇಷನ್ ಕಡೆಯಿಂದ ಚೆನ್ನವೀರಯ್ಯನವರು ನಡೆದು ಬರುತ್ತಿದ್ದರು, ಧೋತರದ ತುಂಬ ರೈಲಿನ ಮಸಿ, ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು. ಅವರು ದಾಟಿದ ಬಾಗಿಲುಗಳಲ್ಲೆಲ್ಲ ಜನ ಹೊರಗೆ ಬಂದು ನಿಂತರು. ಕೊಟ್ರಪ್ಪನವರು ಅಂಗಡಿಯ ಬಾಗಿಲನ್ನು ಅರ್ಧಕ್ಕೆ ಬಿಟ್ಟು ಅವರ ಹಿಂದೆಯೇ ಬಂದಿದ್ದರು. ಹತ್ತಿರ ಬಂದಾಗ ನಮಗೂ ಬಂತು. ಅದೇ ಪಾಚಿ, ಅದೇ ಮೀನು, ಅದೇ ತಣ್ಣಗಿನದು. ಆ ದಿನ ನೀಲಕ್ಕನ ಮೈಯಿಂದ ಬಂದದ್ದೇ.

ಅಯ್ಯನವರು ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದರು. ಗಾಡಿ ಇಳಿದವನೇ ಮೊದಲು ಶಾಲೆಗೆ ಹೋಗಿ ಬಂದೆ, ಬರೆದದ್ದನ್ನು ಹೊಡೆದುಹಾಕಿ ಪಾಸು ಅಂತ ಬರೆದೆ ಅಂದರು. ಟೀಚರಿಗೂ ಹೇಳಿದ್ದೇನೆ, ಇನ್ನು ಶನಿವಾರ ಮರದ ಕೆಳಗೆ ಬೇಡ, ಒಳಗೇ ಕೂರಿಸಲಿ, ಪಾಸಾದವರನ್ನೂ ಕೂರಿಸಲಿ ಅಂದರು. ಆಮೇಲೆ ಅಪ್ಪನ ಕಡೆ ತಿರುಗಿದರು. ಅಪ್ಪ ಅವರ ಹಳೆಯ ವಿದ್ಯಾರ್ಥಿ, ಎದ್ದು ನಿಂತಿದ್ದ.

“ಗಾಡಿ ಸೇತುವೆ ಮೇಲೆ ನಿಂತುಬಿಡ್ತು ಬಸಲಿಂಗ. ಕಿಟಕಿ ತೆಗೆದೆ. ನಿನ್ನ ಮಗಳ ಮೈ ವಾಸನೆ ಕೆಳಗೆ ಹರೀತಾ ಇತ್ತು. ಇಷ್ಟು ವರ್ಷ ಪಾಠ ಮಾಡಿದೆ ಕಣೋ, ಆ ಹುಡುಗಿನ ದಂಡೆ ಮೇಲೆ ನಿಲ್ಲಿಸಿ ಪುಸ್ತಕ ಮುಚ್ಚಿ ಮನೆಗೆ ಹೋಗ್ತಿದ್ದೆ. ಒಂದು ದಿನಾನೂ ನನಗೆ ಹೊಳೆ ಕಾಣಲಿಲ್ಲ.”

ಅಪ್ಪ ಕೈಮುಗಿದ. ಅತ್ತೆ ಎಲೆಯಡಿಕೆ ಅಗಿಯುವುದನ್ನೇ ನಿಲ್ಲಿಸಿದ್ದಳು. ಅಯ್ಯನವರು ಗಂಟು ಬಿಚ್ಚಿ ದಪ್ಪದೊಂದು ಪುಸ್ತಕ ತೆಗೆದರು. ಕಾವ್ಯ ಪೂರ್ತಿ, ಹಿಂದೆ ಮುಂದೆ ಏನೂ ಕತ್ತರಿಸದ್ದು. ಅದನ್ನು ಹುಡುಕಿಯೇ ಪಟ್ಟಣಕ್ಕೆ ಹೋಗಿದ್ದರು, ಬರುವಾಗ ಗಾಡಿಯಲ್ಲಿ ಓದುತ್ತಲೇ ಬಂದಿದ್ದರು. ಅದನ್ನು ನೀಲಕ್ಕನ ಕಡೆ ಚಾಚಿದರು. ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ತೆಗೆದುಕೊಂಡಳು.

“ದಾಟಿದ್ಲಾ ಅಯ್ನೋರೇ?”

“ನಾನು ಹೇಳಿಬಿಟ್ರೆ ನಿನಗೆ ಏನು ಉಳೀತದವ್ವ. ಓದು.”

ನೀಲಕ್ಕ ಅಲ್ಲೇ ಜೋಳದ ಚೀಲದ ಮೇಲೆ ಕೂತಳು. ಮೊದಲ ಪುಟ ತೆಗೆಯಲಿಲ್ಲ, ಗಂಧದ ತೋಟದಲ್ಲೂ ನಿಲ್ಲಲಿಲ್ಲ. ಹಾಳೆಗಳನ್ನು ಮಗುಚುತ್ತಾ ನೇರ ಆ ಹೊಳೆಯ ದಂಡೆಗೇ ಹೋದಳು. ಸ್ವಲ್ಪ ಹೊತ್ತಿಗೆ ನಮ್ಮ ಗಿರಣಿಯ ಹಿಟ್ಟಿನ ಧೂಳಿನೊಳಗೆ ನೀರಿನ ತಂಪು ಏಳತೊಡಗಿತು. ಮೆಣಸಿನಕಾಯಿ ಬುಟ್ಟಿ ಹಿಡಿದು ನಿಂತವರಲ್ಲಿ ಒಬ್ಬರೂ ಬೀಸು ಅನ್ನಲಿಲ್ಲ, ಅಪ್ಪನೂ ಬೆಲ್ಟು ಹಾಕಲಿಲ್ಲ. ಮುಂದೆ ನಿಂತಿದ್ದ ಹೆಂಗಸೊಬ್ಬಳು ಬುಟ್ಟಿಯನ್ನು ಕೆಳಗಿಳಿಸಿ, ನೆಲದ ಮೇಲೆ ಕಾಲು ಚಾಚಿ ಕೂತಳು.

“ಗಟ್ಟಿಯಾಗಿ ಓದು ನೀಲವ್ವ,” ಅಂದಳು, “ನಮಗೂ ಕೇಳಲಿ.”